ಹಳೆಯ ಫ್ಲಾಪಿಯ ಲೆಕ್ಕವನ್ನು ನಂಬುವ ಮೊದಲು

ತೋಟದ ಹಳೆಯ ಲೆಕ್ಕ, ಅಡಿಕೆ ತೂಕದ ಪಟ್ಟಿ, ಸಾಲ ತೀರಿದ ವಿವರಗಳನ್ನು ಫ್ಲಾಪಿಗಳಲ್ಲಿ ಇಟ್ಟುಕೊಂಡಿರುವ ಸದಸ್ಯ ಬಾಂಧವರು ಇನ್ನೂ ಇದ್ದಾರೆ. ಪಾಲುಪಟ್ಟಿಯ ಸಮಯಕ್ಕೆ ಅವೇ ಬೇಕಾಗುತ್ತವೆ. ಸೋನಿ ಸಂಸ್ಥೆಯು ಜಪಾನಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲೇ ನಿಲ್ಲಿಸಿದೆ. ಆದ್ದರಿಂದ ಇವನ್ನು ಬೇಗನೆ ಬೇರೆಡೆಗೆ ನಕಲು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ಫ್ಲಾಪಿಯ ಮೂಲೆಯ ಜಾರುಗುಂಡಿ ಸರಿಸಿ ರಂಧ್ರ ತೆರೆದಿಡಿ. ಆಗ ಯಂತ್ರ ಅದರ ಮೇಲೆ ಬರೆಯಲಾರದು. ನಂತರ ಲೋಹದ ಮುಚ್ಚಳ ಸರಿಸಿ ನೋಡಿ. ನಮ್ಮ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದಿದ್ದರೆ ಡ್ರೈವಿಗೆ ಹಾಕಲೇಬೇಡಿ. ಆ ಕೊಳೆ ಡ್ರೈವಿನ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರಿ ಕೆಡಿಸುತ್ತದೆ. ಫ್ಲಾಪಿ ಶುಚಿಯಾಗಿದ್ದೂ ಓದದಿದ್ದರೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಶುಚಿಮಾಡಿಸಿ. ಹೆಡ್ಡು ಸ್ಥಾನ ತಪ್ಪಿದ ಡ್ರೈವು ತಾನು ಬರೆದದ್ದನ್ನು ಮಾತ್ರ ಓದುವುದುಂಟು. ಆಗ ಬರೆದ ಯಂತ್ರವನ್ನೇ ಹುಡುಕಬೇಕು.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಕಾಣದ ತಪ್ಪು ಇನ್ನೂ ಕೆಟ್ಟದ್ದು.

1.44 ಎಂ.ಬಿ. ಫ್ಲಾಪಿಯಲ್ಲಿ 512 ಬೈಟುಗಳ 2880 ಸೆಕ್ಟರುಗಳಿವೆ. ಪ್ರತಿ ಸೆಕ್ಟರಿನ ಕೊನೆಗೂ 2 ಬೈಟಿನ ತಾಳೆ ಸಂಖ್ಯೆ ಇರುತ್ತದೆ. ಅಡಿಕೆ ಚೀಲಕ್ಕೆ ಕಟ್ಟಿದ ತೂಕದ ಚೀಟಿಯಂತೆ ಇದು. ಓದುವಾಗ ತಾಳೆಯಾಗದಿದ್ದರೆ ಯಂತ್ರ ತಪ್ಪು ಎನ್ನುತ್ತದೆ. ಆದರೆ ತೂಗುವ ಮೊದಲೇ ಚೀಲಕ್ಕೆ ಕಲ್ಲು ಸೇರಿದ್ದರೆ? ಚೀಟಿ, ತೂಕ ಎರಡೂ ಸರಿಯಾಗಿಯೇ ಕಾಣುತ್ತವೆ.

ಕೆಲವು ಫ್ಲಾಪಿ ನಿಯಂತ್ರಕ ಚಿಪ್ಪುಗಳಲ್ಲಿ ಇಂಥದ್ದೇ ದೋಷವಿತ್ತು. ಕಂಪ್ಯೂಟರು ಬೇರೆ ಕೆಲಸದಲ್ಲಿದ್ದು ಸೆಕ್ಟರಿನ ಕೊನೆಯ ಬೈಟು ತಡವಾಗಿ ಬಂದರೆ, ಚಿಪ್ಪು ದೂರು ಹೇಳದೆ ತಪ್ಪು ಬೈಟನ್ನೇ ಬರೆದು, ಅದಕ್ಕೇ ತಾಳೆ ಸಂಖ್ಯೆ ಹಾಕುತ್ತಿತ್ತು. ಈ ವಿಷಯವಾಗಿ ಅಮೆರಿಕದ ಟೆಕ್ಸಾಸ್ ರಾಜ್ಯದ ಬೋಮಾಂಟ್ ನ್ಯಾಯಾಲಯದಲ್ಲಿದ್ದ ದಾವೆಯನ್ನು ತೋಷಿಬಾ ಸಂಸ್ಥೆ 1999ರಲ್ಲಿ ಸುಮಾರು 210 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಸಿಕೊಂಡಿತು. ಒಂದು ಬೈಟು ಅಲ್ಪವೆನಿಸಬಹುದು. ಲೆಕ್ಕದ ಪಟ್ಟಿಯಲ್ಲಿ ಅದು ಒಂದು ಅಂಕಿ. 1,500 ರೂಪಾಯಿ 1,900 ಆದರೂ ಯಂತ್ರ ತುಟಿ ಬಿಚ್ಚದು.

ಆದ್ದರಿಂದ ಎರಡು ಸಲ ನಕಲು ತೆಗೆದು ಒಂದಕ್ಕೊಂದು ಹೋಲಿಸಿ. ಓದುವಾಗ ಆದ ತಪ್ಪು ಇದರಿಂದ ಸಿಕ್ಕೀತು. ಬರೆಯುವಾಗಲೇ ಆದ ತಪ್ಪು ಸಿಗಬೇಕಾದರೆ ಬಾಬುವಾರು ಮೊತ್ತಗಳನ್ನು ಖಾತೆ ಪುಸ್ತಕದೊಡನೆ ತಾಳೆ ನೋಡುವುದೊಂದೇ ದಾರಿ. ಎಲ್ಲಿ ವ್ಯತ್ಯಾಸ ಕಂಡರೂ ರಸೀದಿಯನ್ನೇ ಪ್ರಮಾಣವಾಗಿ ಹಿಡಿಯಿರಿ. ಕಂಪ್ಯೂಟರಿನಲ್ಲಿ ಇದೆಯೆಂದು ಕಾಗದದ ಖಾತೆಯನ್ನು ಮಾತ್ರ ಒಲೆಗೆ ಹಾಕಬೇಡಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ.