ಕಸಾಯ್ ಆಪರೇಷನ್ ಆದ ಮೇಲೆ ಮಗುವಿಗೆ ಸ್ಟೀರಾಯ್ಡ್ ಬೇಕಾ? 140 ಮಕ್ಕಳ ಲೆಕ್ಕ

ಇವತ್ತಿನ ಎಪಿಸೋಡ್‌ಗೆ ಕಾರಣ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್. "ನಮ್ಮ ಅಕ್ಕನ ಮಗೂಗೆ ಪಿತ್ತನಾಳದ ಆಪರೇಷನ್ ಆಗಿದೆ. ಸ್ಟೀರಾಯ್ಡ್ ಕೊಟ್ರೆ ಲಿವರ್ ಉಳಿಯುತ್ತೆ ಅಂತ ಯಾರೋ ಹೇಳಿದ್ರು, ಡಾಕ್ಟರ್ ಕೊಡ್ತಿಲ್ಲ. ಯಾಕೆ?" ನಾನು ಬಿಕಾಂ ಓದಿದವಳು, ಡಾಕ್ಟರ್ ಅಲ್ಲ. ಯಾವ ಮಗುವಿಗೆ ಏನು ಕೊಡಬೇಕು ಅಂತ ಹೇಳೋ ಅಧಿಕಾರ ನನಗಿಲ್ಲ. ಆದ್ರೆ ಈ ಪ್ರಶ್ನೆಯ ಒಳಗೆ ಒಂದು ಲೆಕ್ಕ ಇದೆ. ಅದನ್ನ ಬಿಡಿಸಿ ಹೇಳ್ತೀನಿ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಲಿವರ್ ಪಿತ್ತರಸ ತಯಾರಿಸುತ್ತೆ, ಸಣ್ಣ ನಾಳಗಳು ಅದನ್ನ ಕರುಳಿಗೆ ಸಾಗಿಸುತ್ತವೆ. ಕೆಲವು ಎಳೆ ಕೂಸುಗಳಲ್ಲಿ ಈ ನಾಳಗಳು ಉರಿಯೂತದಿಂದ ಗಾಯಗೊಂಡು ಮುಚ್ಚಿಹೋಗುತ್ತವೆ. ಇದರ ಹೆಸರು ಬಿಲಿಯರಿ ಅಟ್ರೀಸಿಯಾ. ಹೊರಗೆ ಹೋಗಲಾಗದ ಪಿತ್ತ ಲಿವರನ್ನೇ ಹಾಳು ಮಾಡುತ್ತೆ. ಚಿಕಿತ್ಸೆ ಇಲ್ಲದಿದ್ರೆ ಹೆಚ್ಚಿನ ಮಕ್ಕಳು ಎರಡು ವರ್ಷ ದಾಟೋದಿಲ್ಲ.

1950ರ ದಶಕದಲ್ಲಿ ಜಪಾನಿನ ಸೆಂಡೈ ನಗರದ ಸರ್ಜನ್ ಮೊರಿಯೊ ಕಸಾಯ್ ಇದಕ್ಕೊಂದು ದಾರಿ ಕಂಡುಹಿಡಿದರು. ಮುಚ್ಚಿದ ನಾಳಗಳನ್ನ ತೆಗೆದು, ಸಣ್ಣ ಕರುಳಿನ ಒಂದು ಭಾಗವನ್ನ ನೇರವಾಗಿ ಲಿವರ್‌ನ ತಳಕ್ಕೆ ಜೋಡಿಸೋದು. ಪಿತ್ತ ಹರಿದ್ರೆ ಕಾಮಾಲೆ ಇಳಿಯುತ್ತೆ. ಹರಿಯದಿದ್ರೆ ಲಿವರ್ ಕಸಿಯೇ ಗತಿ. ಜಗತ್ತಿನಲ್ಲಿ ಮಕ್ಕಳಿಗೆ ಲಿವರ್ ಕಸಿ ಮಾಡಬೇಕಾಗಿ ಬರೋದಕ್ಕೆ ಅತಿ ಸಾಮಾನ್ಯ ಕಾರಣ ಇದೇ ಕಾಯಿಲೆ.

ಸ್ಟೀರಾಯ್ಡ್ ಬಂದಿದ್ದು ಇಲ್ಲಿ. ಉರಿಯೂತದಿಂದ ನಾಳ ಮುಚ್ಚಿದೆ, ಸ್ಟೀರಾಯ್ಡ್ ಉರಿಯೂತ ತಗ್ಗಿಸುತ್ತೆ, ಹಾಗಾದ್ರೆ ಆಪರೇಷನ್ ಆದ ಮೇಲೆ ಕೊಟ್ರೆ ಪಿತ್ತ ಚೆನ್ನಾಗಿ ಹರಿಯಬೇಕಲ್ವಾ? ತರ್ಕ ಸರಿಯಾಗೇ ಇದೆ. ಕೊಟ್ಟ ಮಕ್ಕಳಲ್ಲಿ ಫಲಿತಾಂಶ ಚೆನ್ನಾಗಿದೆ ಅಂತ ಕೆಲವು ಆಸ್ಪತ್ರೆಗಳು ವರದಿಯನ್ನೂ ಮಾಡಿದ್ವು. ಆದ್ರೆ ಅಲ್ಲಿ ಹೋಲಿಕೆ ಹೆಚ್ಚಾಗಿ ಹಳೇ ರೋಗಿಗಳ ಜೊತೆ. ಆ ನಡುವೆ ಸರ್ಜನ್‌ಗಳ ಕೈ ಪಳಗಿರುತ್ತೆ, ಆರೈಕೆ ಸುಧಾರಿಸಿರುತ್ತೆ. ಲಾಭ ಬಂದಿದ್ದು ಯಾವ ಖಾತೆಯಿಂದ ಅಂತ ಹೇಳೋಕಾಗಲ್ಲ.

ಇದನ್ನ ತೀರ್ಮಾನಿಸೋಕೆ ಅಮೆರಿಕದ 14 ಆಸ್ಪತ್ರೆಗಳು ಸೇರಿ ಸ್ಟಾರ್ಟ್ ಅನ್ನೋ ಟ್ರಯಲ್ ನಡೆಸಿದ್ವು. 2005ರಿಂದ 2011ರವರೆಗೆ ಕಸಾಯ್ ಆಪರೇಷನ್ ಆದ 140 ಮಕ್ಕಳನ್ನ ಚೀಟಿ ಎತ್ತಿದ ಹಾಗೆ 70–70ರ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ 13 ವಾರ ಸ್ಟೀರಾಯ್ಡ್: ಮೊದಲು ಹೆಚ್ಚಿನ ಡೋಸ್, ಆಮೇಲೆ ನಿಧಾನಕ್ಕೆ ಇಳಿಕೆ. ಇನ್ನೊಂದು ಗುಂಪಿಗೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಡೋಸ್. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಚಿಕಿತ್ಸೆ ಕೊಡೋ ಡಾಕ್ಟರ್‌ಗೂ ಗೊತ್ತಿಲ್ಲ.

ಫಲಿತಾಂಶ 2014ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂತು. ಆರು ತಿಂಗಳಿಗೆ ಸ್ವಂತ ಲಿವರ್ ಇದ್ದು ಕಾಮಾಲೆ ಇಳಿದಿದ್ದ ಮಕ್ಕಳು: ಸ್ಟೀರಾಯ್ಡ್ ಗುಂಪಿನಲ್ಲಿ 41, ಇನ್ನೊಂದರಲ್ಲಿ 34. ಏಳು ಮಕ್ಕಳ ವ್ಯತ್ಯಾಸ! ಗೆದ್ವಿ ಅನ್ಸುತ್ತೆ ಅಲ್ವಾ? ಸ್ವಲ್ಪ ತಡೀರಿ. ಒಂದು ನಾಣ್ಯವನ್ನ 70 ಸಲ ಚಿಮ್ಮಿ, ಮತ್ತೆ 70 ಸಲ ಚಿಮ್ಮಿ. ಮೊದಲ ಸುತ್ತಲ್ಲಿ 41 ಹೆಡ್, ಎರಡನೇದರಲ್ಲಿ 34 ಬಿದ್ರೆ ನಾಣ್ಯದಲ್ಲಿ ಮೋಸ ಇದೆ ಅಂತ ನಾವು ಹೇಳಲ್ಲ. ಇದೂ ಹಾಗೇ, ಬರೀ ಅದೃಷ್ಟದಿಂದ ಬರಬಹುದಾದಷ್ಟೇ ಅಂತರ.

ಎರಡು ವರ್ಷಕ್ಕೆ ನೋಡಿದ್ರೆ ಅಂತರ ಹೆಚ್ಚುಕಮ್ಮಿ ಮಾಯ. ಕಸಿ ಇಲ್ಲದೆ ಸ್ವಂತ ಲಿವರ್‌ನಲ್ಲೇ ಬದುಕಿದ್ದವರು ಸ್ಟೀರಾಯ್ಡ್ ಗುಂಪಿನಲ್ಲಿ ಶೇ. 58.7, ಇನ್ನೊಂದರಲ್ಲಿ ಶೇ. 59.4.

ಈಗ ಖರ್ಚಿನ ಕಾಲಂ. ಗಂಭೀರ ತೊಂದರೆ ಅನುಭವಿಸಿದ ಮಕ್ಕಳು ಒಟ್ಟಾರೆ ಎರಡೂ ಕಡೆ ಶೇ. 80ರ ಆಸುಪಾಸು, ಯಾಕಂದ್ರೆ ಕಾಯಿಲೆಯೇ ಅಷ್ಟು ಕಠಿಣ. ಆದ್ರೆ ಆಪರೇಷನ್ ಆದ ಮೊದಲ 30 ದಿನದಲ್ಲೇ ಅಂಥ ತೊಂದರೆ ಬಂದಿದ್ದು ಸ್ಟೀರಾಯ್ಡ್ ಗುಂಪಿನ ಶೇ. 37.2 ಮಕ್ಕಳಿಗೆ, ಇನ್ನೊಂದರಲ್ಲಿ ಶೇ. 19ಕ್ಕೆ. ಹತ್ತಿರಹತ್ತಿರ ದುಪ್ಪಟ್ಟು. ಹೊಟ್ಟೆಯ ಗಾಯ ಇನ್ನೂ ಮಾಗದ ಕೂಸಿಗೆ ಇದು ಸಣ್ಣ ಮಾತಲ್ಲ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಣ್ಣ ಮಟ್ಟದ ಲಾಭ ಇರೋ ಸಾಧ್ಯತೆಯನ್ನ ತಳ್ಳಿಹಾಕೋಕಾಗಲ್ಲ ಅಂತ ಆ ಸಂಶೋಧಕರೇ ಬರೆದಿದ್ದಾರೆ. ಜಪಾನಿನಲ್ಲಿ ಸ್ಟೀರಾಯ್ಡ್ ಕೊಡೋ ಪದ್ಧತಿ ವ್ಯಾಪಕವಾಗಿದೆ. ಅಂದ್ರೆ ಡಾಕ್ಟರ್ ಕೊಟ್ರೆ ಅದು ತಪ್ಪು ಅಂತಲೂ ಅಲ್ಲ, ಕೊಡದಿದ್ರೆ ನಿರ್ಲಕ್ಷ್ಯ ಅಂತಲೂ ಅಲ್ಲ. "ನಮ್ಮ ಮಗುವಿಗೆ ಯಾಕೆ ಬೇಕು, ಯಾಕೆ ಬೇಡ?" ಅಂತ ನೇರವಾಗಿ ಕೇಳಿ. ಕೊಡ್ತಾ ಇದ್ರೆ ಲಸಿಕೆಗಳನ್ನ ಯಾವಾಗ ಹಾಕಿಸಬೇಕು ಅಂತಲೂ ಕೇಳಿ. ನೀವಾಗೇ ಶುರು ಮಾಡಬೇಡಿ, ನೀವಾಗೇ ಥಟ್ಟನೆ ನಿಲ್ಲಿಸಲೂಬೇಡಿ, ಎರಡೂ ಅಪಾಯ. ಕಸಾಯ್ ಆದ ಮಗುವಿಗೆ ಜ್ವರ ಬಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಪಿತ್ತನಾಳದ ಸೋಂಕು ಇರಬಹುದು. ಆಸ್ಪತ್ರೆಗೆ ಹೊರಡಿ.

ಸ್ಟೀರಾಯ್ಡ್ ಬಗ್ಗೆ ಇಷ್ಟು ಚರ್ಚೆ ಇದ್ರೂ ಒಂದು ವಿಷಯದಲ್ಲಿ ಡಾಕ್ಟರ್‌ಗಳಲ್ಲಿ ಭಿನ್ನಾಭಿಪ್ರಾಯ ಇಲ್ಲ: ಆಪರೇಷನ್ ಎಷ್ಟು ಬೇಗ ಆಗುತ್ತೋ ಅಷ್ಟು ಒಳ್ಳೇದು, ಆದಷ್ಟೂ 60 ದಿನದೊಳಗೆ. ಅದು ಸಾಧ್ಯ ಆಗೋದು ಮನೆಯವರು ಬೇಗ ಗಮನಿಸಿದ್ರೆ. ತೈವಾನ್ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಗುವಿನ ಮಲದ ಬಣ್ಣ ಹೋಲಿಸಿ ನೋಡೋ ಕಾರ್ಡ್ ಕೊಡ್ತಿದೆ. ಅಲ್ಲಿ ಬೇಗ ಆಪರೇಷನ್ ಆಗೋ ಮಕ್ಕಳ ಪ್ರಮಾಣ ಹೆಚ್ಚಿತು. ಬೇಕಾಗಿದ್ದು ಒಂದು ಕಾಗದ ಮತ್ತು ಅಮ್ಮನ ಕಣ್ಣು, ಅಷ್ಟೇ.

ನಮ್ಮ ಮನೆಗಳಲ್ಲಿ ಕೂಸು ಹಳದಿ ಆದ್ರೆ "ಎಳೆ ಬಿಸಿಲಿಗೆ ಹಿಡೀರಿ, ಹೋಗುತ್ತೆ" ಅಂತಾರೆ ಅಜ್ಜಿಯರು. ಎಷ್ಟೋ ಮಕ್ಕಳಲ್ಲಿ ಅದು ತಾನಾಗೇ ಹೋಗೋದೂ ನಿಜ. ಆದ್ರೆ ಎರಡು ವಾರ ದಾಟಿದ್ರೂ ಕಣ್ಣು ಹಳದಿ ಇದ್ರೆ, ಮೂತ್ರ ಬಟ್ಟೆ ಮೇಲೆ ಗಾಢ ಹಳದಿ ಕಲೆ ಮಾಡ್ತಿದ್ರೆ, ಮಲ ಸುಣ್ಣದ ಹಾಗೆ ಬೆಳ್ಳಗೋ ಮಸುಕಾಗೋ ಇದ್ರೆ, ಅದು ಬಿಸಿಲಿಗೆ ಹೋಗೋ ಕಾಮಾಲೆ ಅಲ್ಲದೇ ಇರಬಹುದು. ಮೊಬೈಲ್‌ನಲ್ಲಿ ಮಲದ ಫೋಟೋ ತೆಗೆದು ಮಕ್ಕಳ ಡಾಕ್ಟರ್‌ಗೆ ತೋರಿಸಿ, "ಡೈರೆಕ್ಟ್ ಬಿಲಿರುಬಿನ್ ಟೆಸ್ಟ್ ಮಾಡಿಸಬೇಕಾ?" ಅಂತ ಕೇಳಿ. ಮಗು ತೂಕ ಹಾಕ್ಕೊಂಡು ನಗ್ತಾ ಆಡ್ತಾ ಇದ್ರೂ ಕೇಳಿ, ಈ ಕಾಯಿಲೆಯ ಮಕ್ಕಳು ಮೊದಮೊದಲು ಹಾಗೇ ಇರ್ತಾರೆ.

ಎಳೆ ಮಗು ಇರೋ ಮನೆಗಳಿಗೆ ಈ ಎಪಿಸೋಡ್ ಕಳಿಸಿ. ಮುಂದಿನ ವಾರ ಸಿಗೋಣ.