ಯಿಶಿಂಗ್‌ನ ಚಹಾ ಗಿಂಡಿಗಳು

ಮಣ್ಣು ಎಲ್ಲೆಡೆಯೂ ಲಭ್ಯ; ಮಣ್ಣಿನ ಮರ್ಮವನ್ನು ಅರಿತ ಕೈ ವಿರಳ. ಚೀನಾ ದೇಶದ ಜಿಯಾಂಗ್‌ಸು ಪ್ರಾಂತದಲ್ಲಿ, ತೈಹು ಸರೋವರದ ಪಶ್ಚಿಮಕ್ಕಿರುವ ಯಿಶಿಂಗ್‌ನ ಚಹಾ ಗಿಂಡಿಗಳು ಈ ಮಾತಿಗೆ ನಿದರ್ಶನವಾಗಿವೆ. ಮೆರುಗಿನ ಲೇಪವಿಲ್ಲದ ಈ ಪುಟ್ಟ ಪಾತ್ರೆಗಳು ನೋಟಕ್ಕೆ ಸಾಧಾರಣವೆನಿಸಿದರೂ ಸುಮಾರು ಐದು ಶತಮಾನಗಳಿಂದ ರಸಿಕರ ಆದರವನ್ನು ಪಡೆದಿವೆ.

ಇವುಗಳ ಪ್ರಸಿದ್ಧಿಗೆ ಚಹಾ ಸೇವನೆಯ ಕ್ರಮದಲ್ಲಾದ ಪರಿವರ್ತನೆಯೇ ಮೂಲ. ಸೋಂಗ್ ಅರಸರ ಕಾಲದಲ್ಲಿ ಬಿಲ್ಲೆಗಳಾಗಿ ಒತ್ತಿದ ಚಹಾವನ್ನು ಪುಡಿಮಾಡಿ, ಬಿಸಿನೀರಿನೊಡನೆ ಬಟ್ಟಲಿನಲ್ಲಿಯೇ ಕಡೆದು ಕುಡಿಯುತ್ತಿದ್ದರು. ಮಿಂಗ್ ವಂಶದ ಪ್ರಥಮ ಸಾಮ್ರಾಟನಾದ ಹೊಂಗ್‌ವೂ 1391ರಲ್ಲಿ ಬಿಲ್ಲೆಚಹಾದ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿದನು. ಎಲೆಯನ್ನು ನೆನೆಸಿ ಬಸಿದುಕೊಳ್ಳುವ ಪದ್ಧತಿ ವ್ಯಾಪಿಸಿದಂತೆ, ಮೂತಿಯುಳ್ಳ ಗಿಂಡಿಗೆ ಮಹತ್ವ ಬಂದಿತು.

ಇಲ್ಲಿಯ ಮಣ್ಣಿಗೆ ‘ಜಿಶಾ’, ಎಂದರೆ ‘ನೇರಳೆ ಮರಳು’ ಎಂದು ಹೆಸರು. ನೇರಳೆ, ಕೆಂಪು, ನಸುಹಳದಿ ಎಂಬ ಭೇದಗಳುಂಟು. ಕಲ್ಲಿನಂತೆ ಗಟ್ಟಿಯಾಗಿ ದೊರೆಯುವ ಅದಿರನ್ನು ಬಿಸಿಲು ಮಳೆಗಳಿಗೆ ಒಡ್ಡಿ, ಕುಟ್ಟಿ, ಜರಡಿ ಹಿಡಿದು, ನೀರು ಬೆರೆಸಿ ಹದಗೊಳಿಸುತ್ತಾರೆ. ಸಾಂಪ್ರದಾಯಿಕ ಕ್ರಮದಲ್ಲಿ ಕುಂಬಾರನ ತಿಗರಿಗೆ ಸ್ಥಾನವಿಲ್ಲ. ಮಣ್ಣನ್ನು ಕೊಡತಿಯಿಂದ ಬಡಿದು ಹಾಳೆಯಾಗಿಸಿ, ಪಟ್ಟಿಯನ್ನು ಕೊಯ್ದು ಬಳೆಯಂತೆ ಬಾಗಿಸಿ ಜೋಡಿಸುತ್ತಾರೆ. ಅನಂತರ ಒಳಗೆ ಬೆರಳುಗಳ ಆಸರೆ ಕೊಟ್ಟು, ಹೊರಗಿನಿಂದ ಮರದ ಹಲಗೆಯಿಂದ ಮೆಲ್ಲಮೆಲ್ಲನೆ ತಟ್ಟುತ್ತ ಗಿಂಡಿಯ ಒಡಲನ್ನು ಮೂಡಿಸುತ್ತಾರೆ. ಹಿಡಿ, ಮೂತಿ, ಮುಚ್ಚಳಗಳನ್ನು ಬೇರೆಯಾಗಿ ರೂಪಿಸಿ ಹೊಂದಿಸಿದ ಮೇಲೆ, ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ.

ಸುಟ್ಟ ಬಳಿಕವೂ ಈ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಗಿಂಡಿಯು ಚಹಾದ ಪರಿಮಳವನ್ನು ತನ್ನೊಳಗೆ ಹೀರಿಕೊಳ್ಳುತ್ತದೆ. ಆದುದರಿಂದ ಬಲ್ಲವರು ಒಂದು ಗಿಂಡಿಗೆ ಒಂದೇ ಬಗೆಯ ಚಹಾವನ್ನು ಮೀಸಲಿಡುತ್ತಾರೆ. ಸಾಬೂನನ್ನು ಸೋಕಿಸದೆ ಬಿಸಿನೀರಿನಿಂದಲೇ ತೊಳೆಯುತ್ತಾರೆ. ಬಳಸಿದಷ್ಟೂ ಅದರ ಮೈಗೆ ಸೌಮ್ಯವಾದ ಹೊಳಪು ಬರುತ್ತದೆ. ಫೂಜಿಯನ್ ಮತ್ತು ಚಾವೊಝೌ ಪ್ರದೇಶಗಳಲ್ಲಿ ಸುಗಂಧಭರಿತವಾದ ಊಲಾಂಗ್ ಚಹಾವನ್ನು ಇಂತಹ ಚಿಕ್ಕ ಗಿಂಡಿಗಳಲ್ಲಿ ಮತ್ತೆ ಮತ್ತೆ ಬಸಿದು, ಗುಟುಕಿನಷ್ಟೇ ಹಿಡಿಯುವ ಬಟ್ಟಲುಗಳಲ್ಲಿ ಸವಿಯುತ್ತಾರೆ.

ಈ ಕಲೆಯ ಮೂಲವನ್ನು ಕುರಿತು ಒಂದು ಐತಿಹ್ಯವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ವ್ಯಾಸಂಗಕ್ಕಾಗಿ ಜಿನ್‌ಶಾ ದೇವಾಲಯದಲ್ಲಿ ತಂಗಿದ್ದ ವಿದ್ವಾಂಸನೊಬ್ಬನಿಗೆ ಗೊಂಗ್‌ಚುನ್ ಎಂಬ ಸೇವಕನಿದ್ದನು. ಅಲ್ಲಿಯ ವೃದ್ಧ ಭಿಕ್ಷುವೊಬ್ಬನು ಗಿಂಡಿಗಳನ್ನು ಮಾಡುವುದನ್ನು ಅವನು ಬಿಡುವಿನ ವೇಳೆಯಲ್ಲಿ ನೋಡಿ ನೋಡಿ ಕಲಿತನು. ಅವನ ಗಿಂಡಿಗಳ ಮೇಲೆ ಬೆರಳಿನ ಗುರುತುಗಳು ಹಾಗೆಯೇ ಉಳಿದಿದ್ದವಂತೆ. ಅನಂತರ ಶಿ ದಾಬಿನ್ ಗಿಂಡಿಯ ಗಾತ್ರವನ್ನು ಕುಗ್ಗಿಸಿದನು. ಕವಿಯೂ ಅಧಿಕಾರಿಯೂ ಆಗಿದ್ದ ಚೆನ್ ಹೊಂಗ್‌ಶೌ (1768–1822), ಯಾಂಗ್ ಪೆಂಗ್‌ನಿಯನ್ ಎಂಬ ಕುಶಲಕರ್ಮಿಯೊಡನೆ ಕೂಡಿ ಗಿಂಡಿಯ ಮೈಮೇಲೆ ಅಕ್ಷರವನ್ನೂ ಅರಳಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಗು ಜಿಂಗ್‌ಝೌ (1915–1996) ಈ ಪರಂಪರೆಯನ್ನು ಬೆಳಗಿದರು. 2006ರಲ್ಲಿ ಚೀನಾ ಸರಕಾರವು ಈ ಕಲೆಯನ್ನು ತನ್ನ ರಾಷ್ಟ್ರೀಯ ಅಮೂರ್ತ ಪರಂಪರೆಯ ಪ್ರಥಮ ಪಟ್ಟಿಯಲ್ಲಿ ಸೇರಿಸಿತು.

ಯಿಶಿಂಗ್‌ನ ಗಿಂಡಿಯ ತಳದಲ್ಲಿ ಅದನ್ನು ಮಾಡಿದವನ ಮುದ್ರೆಯಿರುವುದು ವಾಡಿಕೆ. ಸೇವಕ ಗೊಂಗ್‌ಚುನನ ಹೆಸರು ಈ ಕಲೆಯ ಚರಿತ್ರೆಯ ಮೊದಲ ಪಂಕ್ತಿಯಲ್ಲಿದೆ. ಅವನಿಗೆ ಮಾದರಿಯಾದ ಭಿಕ್ಷುವಿನ ಹೆಸರು ಮಾತ್ರ ಎಲ್ಲಿಯೂ ಉಳಿದಿಲ್ಲ. ಆದರೆ ಅವನ ವಿದ್ಯೆ ಅಳಿಯಲಿಲ್ಲ. ಕೈಯಿಂದ ಕೈಗೆ ಸಾಗುತ್ತ ಇಂದಿನವರೆಗೂ ಬಂದಿದೆ. ಕಲಿಸಿದವನಿಗೆ ಇದಕ್ಕಿಂತ ಮಿಗಿಲಾದ ಮುದ್ರೆ ಇನ್ನಾವುದು?