ಮುಕ್ತಾಯಕ್ಕ: ಒಂದು ಅಪರೂಪದ ಹೆಸರಿನ ವಿಚಾರ

ಕಳೆದ ಶ್ರಾವಣದಲ್ಲಿ ಶ್ರೀನಿವಾಸಪುರದ ಕಡೆಯ ಸದ್ಭಕ್ತರ ಮನೆಯೊಂದಕ್ಕೆ ನಾವು ಶಿಶುವಿನ ನಾಮಕರಣಕ್ಕೆಂದು ಹೋಗಿದ್ದೆವು. ಆ ದಂಪತಿಗಳಿಗೆ ಅದು ಮೂರನೆಯ ಹೆಣ್ಣುಮಗು. ಲಿಂಗಧಾರಣೆ ಮುಗಿದ ಮೇಲೆ ಮಗುವಿನ ಅಜ್ಜಿ, ತಮ್ಮ ತಾಯಿಯ ಹೆಸರಾದ ‘ಮುಕ್ತಾಯಕ್ಕ’ ಎಂಬುದನ್ನೇ ಇಡಬೇಕೆಂದರು. ಬಂಧುಗಳೊಬ್ಬರು, ‘ಒಳ್ಳೆಯದಾಯಿತು, ಹೆಣ್ಣುಮಕ್ಕಳು ಇಲ್ಲಿಗೆ ಮುಕ್ತಾಯವಾಗಲಿ’ ಎಂದು ನಕ್ಕರು. ಬಾಣಂತಿಯ ಕಣ್ಣು ತುಂಬಿತು. ಹೆಣ್ಣು ಸಾಕೆಂದು ‘ಸಾಕಮ್ಮ’ ಎಂದು ಹೆಸರಿಟ್ಟ ಮನೆಗಳನ್ನು ಕಂಡ ಸೀಮೆಯಿದು. ‘ಅಯ್ಯನವರೇ, ನನ್ನ ಮಗಳು ಇಂಥ ಹೆಸರು ಹೊತ್ತು ಬದುಕಬೇಕೇ?’ ಎಂದು ಆ ತಾಯಿ ಕೇಳಿದಳು. ಆಗ ನಾವು ಹೇಳಿದುದನ್ನೇ ವಾಚಕ ಬಂಧುಗಳಿಗಾಗಿ ಇಲ್ಲಿ ನಿರೂಪಿಸುತ್ತೇವೆ.

ಈ ಹೆಸರನ್ನು ‘ಮುಕ್ತಾಯ’, ‘ಅಕ್ಕ’ ಎಂದು ಒಡೆಯಲಾಗದು. ‘ಮುಕ್ತಾ’, ‘ಆಯಿ’, ‘ಅಕ್ಕ’ ಎಂದು ಬಿಡಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಆಯಿ ಎಂದರೆ ತಾಯಿ. ಅಕ್ಕ ಎಂಬುದು ಶರಣೆಯರಿಗೆ ಸಲ್ಲುವ ಗೌರವ. ಮುಕ್ತ ಎಂದರೆ ಬಂಧನ ಕಳೆದುಕೊಂಡವರು. ಸಂಸ್ಕೃತದಲ್ಲಿ ‘ಮುಕ್ತಾ’ ಎಂಬುದಕ್ಕೆ ಮುತ್ತು ಎಂಬ ಅರ್ಥವೂ ಉಂಟು. ಚಿಪ್ಪಿನಿಂದ ಬಿಡುಗಡೆಗೊಂಡದ್ದರಿಂದ ಆ ಹೆಸರೆಂಬುದು ಸಾಂಪ್ರದಾಯಿಕ ವಿವರಣೆ. ಅದೇ ಪ್ರಾಕೃತದಲ್ಲಿ ‘ಮುತ್ತಾ’, ಕನ್ನಡ ತಮಿಳುಗಳಲ್ಲಿ ‘ಮುತ್ತು’, ತೆಲುಗಿನಲ್ಲಿ ‘ಮುತ್ಯಮು’. ದ್ರಾವಿಡದ ಮುತ್ತೇ ಮೂಲವೆನ್ನುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಮೂರು ಭಾಷೆಗಳು ಕೂಡುವ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು ಸೀಮೆಯಲ್ಲಿ ಮುತ್ತಮ್ಮ, ಮುತ್ಯಾಲಮ್ಮ ಎಂದು ಕೂಗುವಾಗ ಇದೇ ನುಡಿಯ ಬಳಗವನ್ನು ನಾವು ಕರೆಯುತ್ತಿರುತ್ತೇವೆ.

ಈ ಹೆಸರನ್ನು ಬೆಳಗಿದ ಶರಣೆ 12ನೆಯ ಶತಮಾನದವಳು. ಗದಗ ಸೀಮೆಯ ಲಕ್ಕುಂಡಿ ಆಕೆಯ ತವರು. ಒಡಹುಟ್ಟಿದ ಅಜಗಣ್ಣನೇ ಆಕೆಗೆ ಗುರು. ಆತ ಲಿಂಗೈಕ್ಯನಾದಾಗ ಶೋಕದಲ್ಲಿದ್ದ ಆಕೆಯನ್ನು ಅಲ್ಲಮಪ್ರಭುಗಳು ಸಂತೈಸಲು ಬಂದರು. ಆಕೆ ಪ್ರಭುವಿನ ಮಾತನ್ನೂ ಒಡನೆ ಒಪ್ಪಲಿಲ್ಲ. ಅರಿವು ನೆಲೆಗೊಂಡವರಿಗೆ ಮಾತಿನ ಹಂಗೇಕೆಂದು ಪ್ರಶ್ನಿಸಿದಳು. ಶೂನ್ಯಸಂಪಾದನೆಯಲ್ಲಿ ಈ ಸಂವಾದಕ್ಕೆ ಪ್ರತ್ಯೇಕ ಅಧ್ಯಾಯವೇ ಉಂಟು. ಅಣ್ಣನ ಹೆಸರನ್ನೇ ಅಂಕಿತವಾಗಿಸಿಕೊಂಡ ಆಕೆಯ 30ಕ್ಕೂ ಹೆಚ್ಚು ವಚನಗಳು ನಮಗೆ ಉಳಿದಿವೆ. ಮರುಶತಮಾನದಲ್ಲಿ ಮಹಾರಾಷ್ಟ್ರದ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ, ಮುನಿದು ಬಾಗಿಲಿಕ್ಕಿ ಕುಳಿತ ಅಣ್ಣನಿಗೇ ಅಭಂಗಗಳಲ್ಲಿ ಬುದ್ಧಿ ಹೇಳಿದಳು. ಹೆಸರಿನ ಬಳಗ ದೊಡ್ಡದು!

ಇಷ್ಟು ಹೇಳಿ ನಾವು ಅಜ್ಜಿಯವರನ್ನು, ‘ತಾಯೀ, ತಾವು ಯಾವ ಭಾವದಿಂದ ಈ ಹೆಸರು ಇಡುತ್ತಿದ್ದೀರಿ?’ ಎಂದು ಕೇಳಿದೆವು. ಏಕೆಂದರೆ ಎಷ್ಟೇ ದೊಡ್ಡ ಹೆಸರಾದರೂ ಹೆಣ್ಣು ಸಾಕೆಂಬ ಮನಸ್ಸಿನಿಂದ ಇಟ್ಟರೆ ಅದು ‘ಸಾಕಮ್ಮ’ನೇ ಆದೀತು. ‘ನಮ್ಮಮ್ಮನಿಗೆ ಓದು ಬಾರದು ಸ್ವಾಮೀ. ಕೇಳಿ ಕಲಿತ ವಚನಗಳನ್ನೇ ದಿನವೂ ಸಂಜೆ ಹೇಳುತ್ತಿದ್ದಳು. ಈ ಮಗು ಅವನ್ನು ಓದಿ ಹೇಳಲಿ ಎಂದು’ ಎಂದರು ಆಕೆ.

ಬಾಣಂತಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹಾಗಾದರೆ ಶಾಲೆಯಲ್ಲಿಯೂ ಪೂರ್ತಿ ಹೆಸರನ್ನೇ ಬರೆಸುತ್ತೇನೆ’ ಎಂದಳು. ನಕ್ಕಿದ್ದ ಬಂಧುವೇ ತೊಟ್ಟಿಲ ಬಳಿಗೆ ಬಂದು ಮೊದಲು ಹೆಸರು ಕೂಗಿದರು.

ಹಿಂದೊಮ್ಮೆ ಮುಳಬಾಗಿಲಿನ ಮನೆಯೊಂದರಲ್ಲಿ ಇದೇ ಹೆಸರು ಬಂದಾಗ, ‘ಸುಲಭವಾದುದನ್ನು ಇಡಿ’ ಎಂದು ಹೇಳಿ ನಾವೇ ಬಿಡಿಸಿದ್ದೆವು. ಆ ತಪ್ಪು ಅಂದು ನಮ್ಮನ್ನು ಬಹಳವಾಗಿ ಕಾಡಿತು. ವಾಚಕರು ತಮ್ಮ ಮನೆಯ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಅರ್ಥವನ್ನು ಅರಿಯುವ ಮುನ್ನ ಯಾವುದನ್ನೂ ಹಳತೆಂದು ಬಿಡದಿರಲಿ.